ಬೀದಿಯ ಕುಣಿತವೂ ಜಗಲಿಯ ನೋಟವೂ

ಶ್ರೀರಂಗಪಟ್ಟಣದಿಂದ ಮಂಡ್ಯದ ಕಡೆಗೆ ಹೊರಟವನು ಕಾವೇರಿಯ ಉತ್ತರದ ಕವಲನ್ನು ದಾಟಿ ಸ್ವಲ್ಪ ದೂರ ಸಾಗುವಷ್ಟರಲ್ಲಿ ಬಾಬುರಾಯನಕೊಪ್ಪಲೂ ಕಿರಂಗೂರೂ ಸಿಕ್ಕುವುವು. ಕಿರಂಗೂರಿನ ಬನ್ನಿಮಂಟಪದಿಂದ ಶ್ರೀರಂಗಪಟ್ಟಣದ ದಸರೆಯ ಜಂಬೂಸವಾರಿ ಹೊರಡುತ್ತದೆ. ರಾಜ ಒಡೆಯರು 1610ರಲ್ಲಿ ಪಟ್ಟಣವನ್ನು ಕೈಗೊಂಡು ಅಲ್ಲಿ ನವರಾತ್ರಿಯ ಉತ್ಸವವನ್ನು ಆರಂಭಿಸಿದರು. 1799ರ ತರುವಾಯ ರಾಜಧಾನಿಯೊಡನೆ ಉತ್ಸವವೂ ಮೈಸೂರಿಗೆ ಹೋಯಿತು. ಈಚಿನ ವರ್ಷಗಳಲ್ಲಿ ಅದರ ಒಂದು ಚಿಕ್ಕ ಪ್ರತಿಬಿಂಬವು ಹುಟ್ಟಿದ ನೆಲಕ್ಕೆ ಮರಳಿ ಬಂದಿದೆ. ಅಲಂಕರಿಸಿದ ಆನೆ, ಪೂಜಾ ಕುಣಿತ, ಪಟದ ಕುಣಿತ, ಡೊಳ್ಳು, ವೀರಗಾಸೆ, ಶಾಲೆಯ ಮಕ್ಕಳ ಸಾಲು, ಇವನ್ನು ನೋಡುವುದಕ್ಕೆ ಸುತ್ತಣ ಊರುಗಳ ಜನ ರಸ್ತೆಯ ಬದಿಗೆ ಬರುತ್ತಾರೆ. ಅದೊಂದು ಮೆರವಣಿಗೆ. ಇದಕ್ಕೆ ಮುಂಚೆ, ಭಾದ್ರಪದದಲ್ಲಿ, ಕೇರಿಕೇರಿಯ ಗಣಪತಿಗಳು ನೀರಿಗೆ ಹೊರಡುವ ಸಂಜೆಗಳುಂಟು. ಆ ಮೆರವಣಿಗೆಗೆ ಆನೆಯೂ ಇಲ್ಲ, ಅಂಬಾರಿಯೂ ಇಲ್ಲ. ಒಂದು ಟ್ರ್ಯಾಕ್ಟರು, ಅದರ ಮೇಲೆ ದೇವರು, ದೇವರ ಮುಂದೆ ತಮಟೆ, ತಮಟೆಯ ಮುಂದೆ ಹರೆಯದವರು. ದಸರೆಯ ಆನೆಯನ್ನು ಯಾವ ಮನಸ್ಸಿನಿಂದ ನೋಡಬೇಕೆಂಬ ಪ್ರಶ್ನೆ ಯಾರಿಗೂ ಏಳುವುದಿಲ್ಲ. ಈ ಎರಡನೆಯ ಮೆರವಣಿಗೆಯ ಮುಂದೆ ಆ ಪ್ರಶ್ನೆ ಏಳುತ್ತದೆ.

ಹುಲ್ಲಿನ ಉರಿಗೆ ಕಾಯಿಸಿದ ಚರ್ಮ ಬಿಗಿದು ತಮಟೆಯ ದನಿ ಏರಿದಂತೆ ಹುಡುಗರ ಕಾಲು ನಿಂತಲ್ಲಿ ನಿಲ್ಲುವುದಿಲ್ಲ. ಮೊದಲು ಇಬ್ಬರು, ಬಳಿಕ ಹತ್ತು ಮಂದಿ. ಹಿಂದೆ ಈ ಕುಣಿತ ಗಂಡುಹುಡುಗರದು ಮಾತ್ರವೇ ಆಗಿತ್ತು. ಹೆಣ್ಣುಮಕ್ಕಳು ಆರತಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಈಗ ಮಂಡ್ಯಕ್ಕೋ ಮೈಸೂರಿಗೋ ಬಸ್ಸಿನಲ್ಲಿ ಹೋಗಿ ಓದಿಬರುವ ಹುಡುಗಿಯರು ನಾಲ್ಕೈದು ಮಂದಿ ಕೈಕೈ ಹಿಡಿದು ಬೀದಿಗೆ ಇಳಿಯುತ್ತಾರೆ. ತಮ್ಮದೇ ಒಂದು ಸುತ್ತು ಕಟ್ಟಿಕೊಂಡು ಕುಣಿಯುತ್ತಾರೆ. ಎರಡು ಸುತ್ತುಗಳ ನಡುವೆ ಎರಡು ಮಾರು ಜಾಗ ಬಿಟ್ಟಿರುತ್ತದೆ. ಅದನ್ನು ಯಾರೂ ಅಳೆದು ಬಿಟ್ಟದ್ದಲ್ಲ. ಆದರೆ ಆ ಸಂಜೆಯ ಮುಖ್ಯವಾದ ಕಾರ್ಯವೆಲ್ಲ ಆ ಎರಡು ಮಾರಿನಲ್ಲಿಯೇ ನಡೆಯುತ್ತದೆ. ಒಬ್ಬ ಹೈದ ಹೆಗಲ ಮೇಲಿನ ಟವಲನ್ನು ಮೇಲಕ್ಕೆಸೆದು ಹಿಡಿಯಹೋಗುತ್ತಾನೆ. ಹಿಡಿದನೋ ಬಿಟ್ಟನೋ ಎಂಬುದನ್ನು ಅವನಿಗಿಂತ ಮೊದಲು ಎದುರಿನ ಸುತ್ತಿನಲ್ಲೊಬ್ಬಳು ನೋಡಿರುತ್ತಾಳೆ. ಅವಳು ಗೆಳತಿಯ ಕಿವಿಯಲ್ಲಿ ಏನೋ ಹೇಳಿ ನಗುತ್ತಾಳೆ. ಆ ನಗು ತನ್ನನ್ನು ಕುರಿತದ್ದೆಂದು ಅವನು ತಿಳಿಯುತ್ತಾನೆ; ತಿಳಿದನೆಂಬುದನ್ನು ಅವಳೂ ಬಲ್ಲಳು. ಅಷ್ಟರಲ್ಲಿ ಟ್ರ್ಯಾಕ್ಟರು ಹತ್ತು ಹೆಜ್ಜೆ ಮುಂದೆ ಸರಿಯುತ್ತದೆ, ಎರಡು ಸುತ್ತುಗಳೂ ಅದರೊಡನೆ ಸರಿಯುತ್ತವೆ.

ಜಗಲಿಯ ಮೇಲೆ ಹಿರಿಯರಿರುತ್ತಾರೆ. ಒಬ್ಬರಿಗೆ ಅರಿಯದೆಯೇ ಮುಖದಲ್ಲಿ ನಗು ಮೂಡಿ ಕೈಬೆರಳು ತೊಡೆಯ ಮೇಲೆ ತಾಳ ಹಿಡಿಯುತ್ತದೆ. ಇನ್ನೊಬ್ಬರು “ಕಾಲ ಕೆಟ್ಟೋಯ್ತು ಕಣಪ್ಪ” ಎನ್ನುತ್ತಾರೆ. ಮೂರನೆಯವರು ಏನನ್ನೂ ಹೊಗಳುವುದಿಲ್ಲ, ತೆಗಳುವುದಿಲ್ಲ, ಕೊರಳನ್ನು ಸ್ವಲ್ಪ ಚಾಚಿ “ಆ ಹೈದ ಯಾರ ಪೈಕಿ?” ಎಂದು ಮೆಲ್ಲನೆ ಕೇಳುತ್ತಾರೆ. ಜಗಲಿ ಒಂದೇ, ದೃಶ್ಯ ಒಂದೇ, ನೋಟ ಮೂರು. ಹರೆಯದವರು ಹೀಗೆ ಕುಣಿಯುವುದು ಸರಿಯೇ ತಪ್ಪೇ ಎಂಬ ಚರ್ಚೆ ಊರೂರಿನಲ್ಲಿಯೂ ಉಂಟು. ಅದನ್ನು ನೋಡುವವರು ಹೇಗೆ ನೋಡಬೇಕೆಂಬ ವಿಚಾರ ಮಾತ್ರ ಅಪರೂಪ. ಕುಣಿಯುವವರಿಗೆ ಒಂದು ಮರ್ಯಾದೆಯಿದ್ದರೆ ನೋಡುವವರಿಗೂ ಒಂದು ಇರಬೇಕಷ್ಟೆ.

ಕಾಲ ಕೆಟ್ಟಿತೆಂಬ ಮಾತನ್ನು ಮೊದಲು ತೀರಿಸಿಕೊಳ್ಳಬಹುದು. ಹೊಸದಾಗಿ ಮದುವೆಯಾದವರು ಬಾಳೆಯ ಹಣ್ಣಿಗೆ ಜವನದ ಎಸಳನ್ನು ಸಿಕ್ಕಿಸಿ ತೇರಿನ ಕಳಶದ ಕಡೆಗೆ ಎಸೆಯುವುದು ಹಳೆಯ ಮೈಸೂರು ಸೀಮೆಯ ಜಾತ್ರೆಗಳ ಪದ್ಧತಿ. ರಥಸಪ್ತಮಿಯ ದಿನದ ರಂಗನಾಥನ ತೇರಾಗಲಿ, ಕರಿಘಟ್ಟದ ಜಾತ್ರೆಯಾಗಲಿ, ಎಸೆದ ಹಣ್ಣೆಲ್ಲವೂ ಕಳಶದ ಕಡೆಗೇ ಹೋಗುತ್ತಿತ್ತೆಂದು ನಂಬುವವರು ಜಾತ್ರೆಯನ್ನು ಕಂಡವರಲ್ಲ. ಮದುವೆಯಾಗದವರೂ ಹಣ್ಣು ಕೊಳ್ಳುತ್ತಿದ್ದರು; ಅವರ ಗುರಿ ಕಳಶಕ್ಕಿಂತ ಬಹಳ ಕೆಳಗಿರುತ್ತಿತ್ತು. ಬೆನ್ನಿಗೆ ಹಣ್ಣು ತಾಕಿದವಳು ತಿರುಗಿ ಬೈದಳೇ, ತಿರುಗದೆಯೇ ನಕ್ಕಳೇ ಎಂಬುದನ್ನು ನೋಡಲು ಗೆಳೆಯರ ಗುಂಪೇ ಕಾದಿರುತ್ತಿತ್ತು. ಇಂದು ಕಾಲವನ್ನು ಹಳಿಯುವವರಲ್ಲಿ ಆ ಹಣ್ಣನ್ನು ಎಸೆದವರೂ ಇದ್ದಾರೆ, ತಾಕಿಸಿಕೊಂಡವರೂ ಇದ್ದಾರೆ.

ಕಾವ್ಯವನ್ನು ಓದುವ ಮನೆಗಳಲ್ಲಿ ಆ ಮಾತು ಇನ್ನೂ ನಿಲ್ಲಲಾರದು. ಮೆರವಣಿಗೆಯ ಬೀದಿ ಶೃಂಗಾರಕ್ಕೆ ಎಡೆಯೆಂಬುದು ಕವಿಗಳ ಹಳೆಯ ಒಪ್ಪಂದ. ರಘುವಂಶದ ಏಳನೆಯ ಸರ್ಗದಲ್ಲಿ ಅಜನು ಇಂದುಮತಿಯೊಡನೆ ಪುರಪ್ರವೇಶ ಮಾಡುವಾಗ ಹೆಂಗಸರು ಗವಾಕ್ಷಗಳಿಗೆ ಓಡಿಬರುತ್ತಾರೆ: ಒಬ್ಬಳ ಮುಡಿ ಬಿಚ್ಚಿದೆ, ಒಬ್ಬಳ ಅಂಗಾಲಿನ ಹಸಿಯ ಅರಗು ಕಿಟಕಿಯವರೆಗೂ ಗುರುತು ಮಾಡಿದೆ, ಒಬ್ಬಳ ಒಂದೇ ಕಣ್ಣಿಗೆ ಕಾಡಿಗೆ. ಅಶ್ವಘೋಷನ ಬುದ್ಧಚರಿತದಲ್ಲಿ ಸಿದ್ಧಾರ್ಥನು ವಿಹಾರಕ್ಕೆ ಹೊರಟ ಬೀದಿಯಲ್ಲಿಯೂ ಇದೇ ನೂಕುನುಗ್ಗಲು. ವೈರಾಗ್ಯದ ಕಥೆಗೂ ಅದು ಬೇಡವೆನಿಸಲಿಲ್ಲ. ಆದರೆ ಈ ವರ್ಣನೆಗಳಲ್ಲಿ ಒಂದು ಏರ್ಪಾಡನ್ನು ಗಮನಿಸಬೇಕು. ಗಂಡು ಬೀದಿಯಲ್ಲಿರುವನು, ಹೆಣ್ಣು ಕಿಟಕಿಯಲ್ಲಿರುವಳು. ನೋಟ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ನೋಡಿದವಳು ಇಳಿಯುವುದಿಲ್ಲ.

ಇಳಿದ ಒಂದು ಸಂದರ್ಭವನ್ನು ರೂಸೋ ಬರೆದಿಟ್ಟಿದ್ದಾನೆ. ಜಿನೀವಾ ಪಟ್ಟಣದಲ್ಲಿ ನಾಟಕಶಾಲೆ ಬೇಡವೆಂದು ವಾದಿಸಿ ಆತನು 1758ರಲ್ಲಿ ಪ್ರಕಟಿಸಿದ ದೀರ್ಘವಾದ ಪತ್ರದ ಅಡಿಟಿಪ್ಪಣಿಯಲ್ಲಿ ಬಾಲ್ಯದ ಒಂದು ರಾತ್ರಿಯ ನೆನಪು ಬರುತ್ತದೆ. ಕವಾಯತು ಮುಗಿಸಿದ ಊರ ಸಿಪಾಯಿಗಳು ಊಟವಾದ ಮೇಲೆ ಚೌಕದ ಕಾರಂಜಿಯ ಸುತ್ತ ಕೈಕೈ ಹಿಡಿದು ಕುಣಿಯತೊಡಗಿದರು. ಮಲಗಿದ್ದ ಹೆಂಗಸರು ಎದ್ದು ಕಿಟಕಿಗೆ ಬಂದರು. ಸ್ವಲ್ಪ ಹೊತ್ತಿನಲ್ಲಿ ಕಿಟಕಿಯಲ್ಲಿ ನಿಲ್ಲಲಾರದೆ ಕೆಳಗಿಳಿದು ಬಂದರು. ಕತ್ತಲೆಯಲ್ಲಿ ಕುಳಿತು ಪರರ ಆಟವನ್ನು ನೋಡುವುದು ಬೇಡವೆಂದವನೇ ಬೀದಿಯಲ್ಲಿ ಎಲ್ಲರೂ ಕೂಡಿ ಕುಣಿಯುವುದು ಬೇಕೆಂದನು. ಬಾಬುರಾಯನಕೊಪ್ಪಲಿನಂಥ ಊರಿನಲ್ಲಿ ಹೊಸತೇನಾದರೂ ನಡೆದಿದ್ದರೆ ಅದೂ ಇಷ್ಟೇ: ಕಿಟಕಿಯಲ್ಲಿದ್ದವಳು ಬೀದಿಗೆ ಇಳಿದಿದ್ದಾಳೆ.

ಆದರೆ ಈ ನಾಡಿನಲ್ಲಿ ಆ ಮೆಟ್ಟಿಲುಗಳು ಅಷ್ಟು ಸುಲಭವಾದುವಲ್ಲ; ಹಿರಿಯರ ಅಸಮಾಧಾನದ ಬೇರೂ ಅಲ್ಲಿಯೇ ಇದೆ. ಶತಮಾನಗಳಿಂದ ಮೆರವಣಿಗೆಯ ಮುಂದೆ ಹೆಣ್ಣು ಕುಣಿದೇ ಇದ್ದಾಳೆ. ಕುಣಿದವಳು ಬೇರೆ, ಕಿಟಕಿಯವಳು ಬೇರೆ. ದೇವರ ಉತ್ಸವದ ಮುಂದೆ, ಅರಸರ ಸವಾರಿಯ ಮುಂದೆ, ಸಿರಿವಂತರ ಮದುವೆಯ ಚಪ್ಪರದಲ್ಲಿ ಕುಣಿಯುವುದಕ್ಕೆಂದು ಕೆಲವರು ಹೆಂಗಸರನ್ನು ಸಮಾಜವು ಮೀಸಲಾಗಿಟ್ಟಿತ್ತು. ಅವರು ಎಲ್ಲರ ಕಣ್ಣಿಗೂ ಬೇಕಾಗಿದ್ದರು, ಯಾರ ಮನೆಗೂ ಬೇಡವಾಗಿದ್ದರು. ಮೈಸೂರು ಸರ್ಕಾರವು 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ನರ್ತಕಿಯರ ಸೇವೆಯನ್ನು ನಿಲ್ಲಿಸಿತು. ಮದರಾಸು ಪ್ರಾಂತದಲ್ಲಿ 1947ರಲ್ಲಿಯೂ, ಕರ್ನಾಟಕದಲ್ಲಿ 1982ರಲ್ಲಿಯೂ ದೇವದಾಸಿಯರನ್ನಾಗಿ ಬಿಡುವುದನ್ನು ನಿಷೇಧಿಸುವ ಶಾಸನಗಳಾದುವು. ಇವು ಆಗಲೇಬೇಕಾಗಿದ್ದ ಕೆಲಸಗಳು. ಆದರೂ ಒಂದು ಮಾತು ಉಳಿಯುತ್ತದೆ. ಸುಧಾರಣೆಯು ಆ ಹೆಂಗಸರ ಗೆಜ್ಜೆಯನ್ನು ಬಿಚ್ಚಿಸಿತು; ಎದುರಿಗೆ ತಾಂಬೂಲ ಹಾಕಿಕೊಂಡು ಕುಳಿತು ನೋಡುತ್ತಿದ್ದ ಗಂಡಸರ ಕಣ್ಣನ್ನು ಕುರಿತು ಯಾವ ಆಜ್ಞೆಯೂ ಹೊರಡಲಿಲ್ಲ. ನಂಜನಗೂಡಿನಲ್ಲಿ ಹುಟ್ಟಿ ಬೆಂಗಳೂರು ನಾಗರತ್ನಮ್ಮನವರೆಂದು ಹೆಸರಾದ ವಿದುಷಿಯು 1910ರಲ್ಲಿ ಮುದ್ದುಪಳನಿಯ ‘ರಾಧಿಕಾ ಸಾಂತ್ವನ’ವನ್ನು ಅಚ್ಚು ಹಾಕಿಸಿದಾಗ ಅದು ಅಶ್ಲೀಲವೆಂದು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಗಂಡಸರು ಬರೆದ ಅಂಥವೇ ಕಾವ್ಯಗಳು ವಿದ್ವಾಂಸರ ಮನೆಯ ಕಪಾಟುಗಳಲ್ಲಿ ನಿರ್ಭಯವಾಗಿ ಇದ್ದುವು. ಶೃಂಗಾರವು ಗಂಡಿನ ಬಾಯಲ್ಲಿ ರಸ, ಹೆಣ್ಣಿನ ಬಾಯಲ್ಲಿ ಅಪರಾಧ ಎಂಬ ಈ ನ್ಯಾಯವು ಅಲ್ಲಿಗೆ ಮುಗಿದಿದ್ದರೆ ಜಗಲಿಯ ಮಾತಿಗೆ ಎಡೆಯೇ ಇರುತ್ತಿರಲಿಲ್ಲ.

ನೋಡಿಸಿಕೊಳ್ಳುವುದಕ್ಕೆಂದೇ ಒಂದು ವರ್ಗದ ಹೆಣ್ಣು, ಮರೆಯಲ್ಲಿರುವುದಕ್ಕೆಂದೇ ಇನ್ನೊಂದು ವರ್ಗದ ಹೆಣ್ಣು ಎಂಬ ಭೇದವು ಇಬ್ಬರಿಗೂ ಅನ್ಯಾಯವನ್ನು ಮಾಡಿತು. ಯಾರ ಹಣಕ್ಕೂ ಅಲ್ಲದೆ, ಯಾರ ಅಪ್ಪಣೆಗೂ ಅಲ್ಲದೆ, ತನ್ನ ಕಾಲು ತಡೆಯದೆ ಕುಣಿಯುವ ಗೃಹಸ್ಥರ ಮನೆಯ ಮಗಳು ತಿಳಿದೋ ತಿಳಿಯದೆಯೋ ಆ ಭೇದದ ಗೋಡೆಯಿಂದ ಒಂದು ಇಟ್ಟಿಗೆಯನ್ನು ಕೀಳುತ್ತಿದ್ದಾಳೆ. ಜಗಲಿಯವರಿಗೆ ಇರಿಸುಮುರುಸಾದರೆ ಆಶ್ಚರ್ಯವಿಲ್ಲ. ಇಲ್ಲಿ ಒಂದು ವಿನೋದವೂ ಉಂಟು. ಅದೇ ಮಗಳನ್ನು ಸೀರೆಯುಡಿಸಿ, ಚಾಪೆಯ ಮೇಲೆ ಕೂರಿಸಿ, ಗುರುತು ಪರಿಚಯವಿಲ್ಲದ ಏಳೆಂಟು ಮಂದಿ ಅವಳ ಬಣ್ಣ, ಎತ್ತರ, ನಡಿಗೆ, ಕೂದಲುಗಳನ್ನು ಪರಾಂಬರಿಸುವುದಕ್ಕೆ ಅವಕಾಶ ಮಾಡಿ, ಅದನ್ನು ಹೆಣ್ಣು ನೋಡುವ ಶಾಸ್ತ್ರವೆಂದು ಕರೆದು, ಉಪ್ಪಿಟ್ಟು ಕೇಸರಿಬಾತುಗಳನ್ನು ಹಂಚುವುದರಲ್ಲಿ ಯಾವ ಮನೆಗೂ ಲಜ್ಜೆಯಿಲ್ಲ. ಅಲ್ಲಿ ಅವಳು ತಲೆಯೆತ್ತಿ ನೋಡಬಾರದು. ಬೀದಿಯಲ್ಲಿ ಅವಳೂ ನೋಡುತ್ತಾಳೆ. ತಪ್ಪಿರುವುದು ಬಹುಶಃ ಇದೊಂದೇ.

ಹಾಗಾದರೆ ನೋಡುವುದೇ ತಪ್ಪೆನ್ನಬೇಕೆ? ಹಿರಿಯರು ಮನೆಯೊಳಗೆ ಹೋಗಿ ಕದ ಮುಚ್ಚಿಕೊಳ್ಳಬೇಕೆ? ಪ್ಲೇಟೋ ತನ್ನ ಮುಪ್ಪಿನಲ್ಲಿ ಬರೆದ ‘ಶಾಸನಗಳು’ ಎಂಬ ಸಂವಾದದಲ್ಲಿ ಒಂದು ಸಹಜವಾದ ಮಾತುಂಟು: ಎಳೆಯರು ತಾವೇ ಕುಣಿಯಲು ಸಿದ್ಧರು, ಹಿರಿಯರಾದವರು ತಮ್ಮ ಕಾಲಿನ ಚುರುಕು ಹೋಯಿತೆಂದು ಮರುಗಿ, ಅವರ ಆಟವನ್ನು ನೋಡುತ್ತ ತಮ್ಮ ಹರೆಯವನ್ನು ನೆನೆದು ಹಿಗ್ಗುವರು. ಅದೇ ಗ್ರಂಥದಲ್ಲಿ ಮುಂದೆ, ಮದುವೆಯ ವಯಸ್ಸಿನ ಯುವಕ ಯುವತಿಯರು ಒಬ್ಬರನ್ನೊಬ್ಬರು ಅರಿಯದೆ ಸಂಬಂಧ ಮಾಡಿಕೊಳ್ಳಬಾರದೆಂದು, ಹಿರಿಯರ ಮೇಲ್ವಿಚಾರಣೆಯಲ್ಲಿ ಅವರು ಕೂಡಿ ಕುಣಿಯುವಂತೆ, ನೋಡುವಂತೆ, ನೋಡಿಸಿಕೊಳ್ಳುವಂತೆ ನಗರವೇ ಏರ್ಪಾಡು ಮಾಡಬೇಕೆಂದು ಹೇಳಿದೆ. ಕಾವ್ಯವನ್ನೇ ಶಂಕಿಸಿದ ಕಠಿಣನಾದ ತತ್ತ್ವಜ್ಞನು ಇಷ್ಟು ಸಡಿಲಕೊಟ್ಟದ್ದು ಸೋಜಿಗ. ತಾಳ ಹಿಡಿದ ಮೊದಲನೆಯ ಹಿರಿಯರ ನಗುವಿಗೆ ಇಲ್ಲಿ ಸಮರ್ಥನೆ ಸಿಕ್ಕುತ್ತದೆ. ಕಳೆದುಹೋದುದನ್ನು ಪರರಲ್ಲಿ ಕಂಡು ಅಸೂಯೆಪಡದೆ ಸಂತೋಷಪಡುವುದು ಮುಪ್ಪಿಗೆ ಸಾಧ್ಯವಾಗುವ ದೊಡ್ಡ ಔದಾರ್ಯಗಳಲ್ಲಿ ಒಂದು.

ಆದರೆ ಈ ನೋಟಕ್ಕೂ ರಂಗಮಂದಿರದ ನೋಟಕ್ಕೂ ಅಂತರವಿದೆ. ಭರತನ ನಾಟ್ಯಶಾಸ್ತ್ರವು ಪ್ರೇಕ್ಷಕನಾಗುವವನಿಗೆ ಇರಬೇಕಾದ ಯೋಗ್ಯತೆಗಳನ್ನು ಹೇಳುತ್ತದೆ. ಪಾತ್ರವು ಹರ್ಷಗೊಂಡರೆ ಹರ್ಷಿಸುವ, ಶೋಕಿಸಿದರೆ ಶೋಕ ತಾಳುವ ಮನಸ್ಸು ಅವನದಾಗಿರಬೇಕು. ಅಲ್ಲಿ ನಟಿಯು ತನ್ನ ಶರೀರವನ್ನು ಶಕುಂತಲೆಗೆ ಎರವಲು ಕೊಟ್ಟಿರುತ್ತಾಳೆ. ಸಭಿಕರ ಕಣ್ಣು ಬೀಳುವುದು ಶಕುಂತಲೆಯ ಮೇಲೆ. ದೀಪ ಆರಿದ ಮೇಲೆ ನಟಿಯು ತನ್ನ ಮುಖವನ್ನು ತೊಳೆದು ತನ್ನ ಮನೆಗೆ ಹೋಗಬಹುದು. ಬೀದಿಯಲ್ಲಿ ಕುಣಿಯುವ ಹುಡುಗಿಗೆ ಪಾತ್ರವೆಂಬ ಆ ಹೊದಿಕೆ ಇಲ್ಲ. ಅವಳು ಇಂಥವರ ಮಗಳಾಗಿಯೇ, ಮೂರನೆಯ ಮನೆಯವಳಾಗಿಯೇ, ನಾಳೆ ಬೆಳಿಗ್ಗೆ ಇದೇ ಬೀದಿಯಲ್ಲಿ ಬಸ್ಸಿಗೆ ನಡೆದುಹೋಗಬೇಕಾದವಳಾಗಿಯೇ ಕುಣಿಯುತ್ತಾಳೆ. ನಾಟಕದ ನೋಟವು ನಾಟಕದೊಡನೆ ಮುಗಿಯುತ್ತದೆ. ಬೀದಿಯ ನೋಟವನ್ನು ನೋಡುವವನೇ ಮುಗಿಸಬೇಕು. ಅವನು ಮುಗಿಸದಿದ್ದರೆ ಅದು ಅವಳ ಹಿಂದೆ ಬಸ್ಸಿನವರೆಗೂ ಹೋಗುತ್ತದೆ.

ಹೀಗೆ ಮುಗಿಸುವುದಕ್ಕೆ ಕನ್ನಡದಲ್ಲಿ ಒಂದು ಮಾತುಂಟು: ಕಂಡೂ ಕಾಣದಂತಿರುವುದು. ಇದನ್ನು ಅಲಕ್ಷ್ಯವೆಂದಾಗಲಿ ಕಪಟವೆಂದಾಗಲಿ ತಿಳಿಯಬಾರದು. ಕಾಣದಿರುವವನಿಗೆ ಈ ಮಾತು ಸಲ್ಲುವುದಿಲ್ಲ, ಕಂಡವನಿಗೇ ಸಲ್ಲುತ್ತದೆ. ಹೊಸದಾಗಿ ಮದುವೆಯಾದ ಮಗನೂ ಸೊಸೆಯೂ ಇರುವ ಮನೆಯಲ್ಲಿ ಹಿರಿಯರು ಒಳಕ್ಕೆ ಬರುವ ಮುನ್ನ ಬಾಗಿಲಲ್ಲಿಯೇ ಒಮ್ಮೆ ಕೆಮ್ಮುತ್ತಾರೆ. ಆ ಕೆಮ್ಮಿಗೆ ಯಾವ ವೈದ್ಯನ ಮದ್ದೂ ಬೇಕಿಲ್ಲ. ‘ಇಲ್ಲಿ ಒಬ್ಬನಿದ್ದೇನೆ, ಆದರೆ ಸಾಕ್ಷಿಯಾಗಿ ಬಂದವನಲ್ಲ’ ಎಂಬುದು ಅದರ ಅರ್ಥ. ಜಗಲಿಯ ಮೇಲೆ ಕುಳಿತಿರುವುದೂ ಇಂಥ ಒಂದು ಕೆಮ್ಮೇ ಆಗಬಹುದು. ಹಿರಿಯರು ಅಲ್ಲಿದ್ದಾರೆಂಬ ಅರಿವಿನಿಂದ ಆ ಎರಡು ಮಾರು ಜಾಗ ಹಾಗೆಯೇ ಉಳಿಯುತ್ತದೆ. ಅವರು ಏನನ್ನೂ ಬರೆದಿಟ್ಟುಕೊಳ್ಳುತ್ತಿಲ್ಲವೆಂಬ ಅರಿವಿನಿಂದ ಆ ಜಾಗದಲ್ಲಿ ಒಂದು ನಗು ದಾಟಿಹೋಗಬಹುದು. ಹೋಳಿ, ಓಕುಳಿ, ಜಾತ್ರೆಗಳಲ್ಲಿ ಹಳೆಯ ಊರು ವರುಷಕ್ಕೆ ಕೆಲವು ದಿನ ಈ ವಿದ್ಯೆಯನ್ನು ತಕ್ಕಮಟ್ಟಿಗೆ ಬಲ್ಲುದಾಗಿತ್ತು. ಬೆನ್ನಿಗೆ ತಾಕಿದ ಹಣ್ಣನ್ನು ಕಂಡ ಅತ್ತೆಯರೂ ಸೋದರಮಾವಂದಿರೂ ಇರಲೇ ಇದ್ದರು. ಮರುದಿನ ಆ ಹಣ್ಣಿನ ಸುದ್ದಿ ಇರುತ್ತಿರಲಿಲ್ಲ.

ಇದಕ್ಕೊಂದು ಬಲವಾದ ಆಕ್ಷೇಪವುಂಟು. ಅದನ್ನು ಹಗುರಾಗಿ ತಳ್ಳುವಂತಿಲ್ಲ. ಬಸ್ಸಿನ ನೂಕಿನಲ್ಲಿ ಹುಡುಗಿಯ ಮೈಗೆ ಕೈ ಸೋಕಿಸುವವನನ್ನು, ಕಾಲೇಜಿನ ದಾರಿಯಲ್ಲಿ ದಿನವೂ ಹಿಂಬಾಲಿಸುವವನನ್ನು, ಹಣ್ಣನ್ನು ನೋವಾಗುವಂತೆ ಗುರಿಯಿಟ್ಟು ಎಸೆದು ಗುಂಪಾಗಿ ನಕ್ಕವರನ್ನು ಊರು ಕಂಡೂ ಕಾಣದಂತೆಯೇ ಇದ್ದು ಬಂದಿದೆ. ಈ ಮಾತಿನ ಮರೆಯಲ್ಲಿ ಎಷ್ಟು ಹೇಡಿತನ ಅಡಗಿತ್ತೆಂಬುದಕ್ಕೆ ಲೆಕ್ಕವಿಲ್ಲ. ಹೆಣ್ಣನ್ನು ಬಿಡದೆ ಹಿಂಬಾಲಿಸುವುದು ಪ್ರತ್ಯೇಕವಾದ ಅಪರಾಧವೆಂದು ದಂಡಸಂಹಿತೆ ಹೆಸರಿಟ್ಟು ಹೇಳುವುದಕ್ಕೆ 2013ರವರೆಗೆ ಕಾಯಬೇಕಾಯಿತು. ಹೀಗಿರಲಾಗಿ ಕಾಣದಂತಿರುವುದನ್ನು ಗುಣವೆಂದು ಹೊಗಳುವುದು ಸರಿಯೆ?

ಸರಿಯಾಗಬೇಕಾದರೆ ಎರಡನ್ನು ಬೇರೆಮಾಡುವ ಕಣ್ಣು ಬೇಕು. ಎರಡು ಸುತ್ತುಗಳ ನಡುವೆ ಓಡಾಡುವ ನಗು ಇಬ್ಬರ ಸೊತ್ತು. ಹೊರಗಿನವರಿಗೆ ಅದರಲ್ಲಿ ಪಾಲಿಲ್ಲ. ಒಬ್ಬಳ ನಗು ನಿಂತು ಇನ್ನೊಬ್ಬನದು ನಿಲ್ಲದಿದ್ದರೆ, ಆ ಎರಡು ಮಾರನ್ನು ಒಂದೇ ಕಡೆಯವರು ಒತ್ತಿಕೊಂಡು ಬಂದರೆ, ಕುಣಿಯುತ್ತಿದ್ದವಳು ಗೆಳತಿಯ ಬೆನ್ನ ಹಿಂದಕ್ಕೆ ಸರಿದು, ದುಪ್ಪಟ್ಟವನ್ನು ಬಿಗಿಹಿಡಿದು, ಜಗಲಿಯ ಕಡೆಗೆ ಒಮ್ಮೆ ನೋಡಿದರೆ, ಆಗ ಕಾಣದಂತಿರುವುದು ದ್ರೋಹ. ಆ ಒಂದು ನೋಟಕ್ಕಾಗಿಯೇ ಹಿರಿಯರು ಅಲ್ಲಿ ಕುಳಿತಿರಬೇಕಾದದ್ದು. ಆದರೆ ನಡೆಯುವುದು ಬಹುಮಟ್ಟಿಗೆ ತಿರುವುಮುರುವು. ಪ್ರೀತಿಯ ಸುಳಿವು ಇಡೀ ಬೀದಿಗೆ ಕ್ಷಣದಲ್ಲಿ ಕಾಣುತ್ತದೆ. ಸಂಕಟದ ಸುಳಿವು ಯಾರಿಗೂ ಕಾಣುವುದಿಲ್ಲ. ಮೊದಲನೆಯದರಲ್ಲಿ ಆಡಿಕೊಳ್ಳುವ ಸುಖವಿದೆ. ಎರಡನೆಯದರಲ್ಲಿ ಎದ್ದುಹೋಗಿ ಅಡ್ಡ ನಿಲ್ಲಬೇಕಾದ ಶ್ರಮವಿದೆ. ನಗುವು ಮನಸ್ಸಿನದೋ ಅಂಜಿಕೆಯದೋ ಎಂದು ದೂರದಿಂದ ತಿಳಿಯದಿದ್ದಾಗ ಉಪಾಯವೊಂದೇ: ಅವಳನ್ನೇ ಕೇಳುವುದು. ‘ಏನವ್ವ, ಸಾಕಾಯ್ತ?’ ಎಂದು ಅಜ್ಜಿಯೊಬ್ಬಳು ಕೇಳಿದರೆ ಸಾಕು. ಬೇಕಾದವಳು ಬಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತಾಳೆ, ಬೇಡವಾದವಳು ‘ಇನ್ನೊಂದ್ಸಲ್ಪ ಕಣಜ್ಜಿ’ ಎಂದು ಓಡುತ್ತಾಳೆ. ಅವಳ ವಿಷಯವನ್ನು ಊರನ್ನೆಲ್ಲ ಕೇಳುವುದು ಇದಕ್ಕಿಂತ ಸುಲಭವೆಂದು ತೋರುವುದೇ ಊರಿನ ರೋಗ.

ಈಗ ಜಗಲಿಯ ಕಣ್ಣಿನ ಜೊತೆಗೆ ಇನ್ನೊಂದು ಕಣ್ಣು ಸೇರಿದೆ. ಮೆರವಣಿಗೆಯ ಎರಡು ಬದಿಯಲ್ಲಿಯೂ ಎತ್ತಿದ ಕೈಗಳಲ್ಲಿ ಮೊಬೈಲುಗಳು. ಮನುಷ್ಯನ ಕಣ್ಣು ಕಂಡದ್ದನ್ನು ಮರೆಯಬಲ್ಲುದು, ಮರೆತಂತೆ ನಟಿಸಲೂ ಬಲ್ಲುದು. ಈ ಯಂತ್ರದ ಕಣ್ಣಿಗೆ ಎರಡೂ ಬಾರವು. ಹತ್ತು ಹೆಜ್ಜೆಯ ಅವಧಿಯಲ್ಲಿ ಹುಟ್ಟಿ ಅಲ್ಲಿಯೇ ಮುಗಿಯಬೇಕಾಗಿದ್ದ ನಗುವನ್ನು ಅದು ರಾತ್ರಿಯೊಳಗೆ ಸೋದರಮಾವನ ಊರಿಗೂ, ಮಾತುಕತೆ ನಡೆಯುತ್ತಿರುವ ಸಂಬಂಧದವರ ಮನೆಗೂ, ಏನನ್ನೂ ಅರಿಯದ ಸಾವಿರ ಜನರಿಗೂ ಮುಟ್ಟಿಸುತ್ತದೆ. ಏಕಾಂತದಲ್ಲಿರುವವಳನ್ನು ಕದ್ದು ಚಿತ್ರಿಸುವುದನ್ನು ಕಾನೂನು ಅಪರಾಧವೆನ್ನುತ್ತದೆ. ಬೀದಿಯ ಕುಣಿತವು ಏಕಾಂತವಲ್ಲ; ಅಲ್ಲಿ ಕ್ಯಾಮರಾವನ್ನು ಎತ್ತಿದವನ ಕೈಯನ್ನು ತಡೆಯಬೇಕಾದದ್ದು ಬಹುಪಾಲು ಅವನ ಮರ್ಯಾದೆಯೇ. ಎಲ್ಲರೆದುರಿಗೆ ಕುಣಿದ ಮೇಲೆ ಎಲ್ಲರೂ ನೋಡಲಿ ಎಂದೇ ಅರ್ಥವಲ್ಲವೇ ಎಂದು ವಾದಿಸುವವರಿದ್ದಾರೆ. ಅವಳು ತನ್ನನ್ನು ಒಡ್ಡಿಕೊಂಡದ್ದು ಆ ಬೀದಿಗೆ, ಆ ಸಂಜೆಗೆ, ತನ್ನನ್ನು ಎತ್ತಿ ಆಡಿಸಿದವರೂ ಇರುವ ಆ ಜನಕ್ಕೆ. ಪಂಕ್ತಿಯಲ್ಲಿ ಬಡಿಸಿದ್ದನ್ನು ಎಲೆಸಮೇತ ಎತ್ತಿಕೊಂಡು ಹೋಗಿ ಸಂತೆಯಲ್ಲಿ ಇಡುವವನನ್ನು ಯಾರೂ ಅತಿಥಿಯೆನ್ನರು.

ಮೂರನೆಯ ಹಿರಿಯರ ಪ್ರಶ್ನೆ ಉಳಿದಿದೆ. ‘ಯಾರ ಪೈಕಿ?’ ಎಂಬ ಎರಡು ಪದಗಳಲ್ಲಿ ಕೋಪವಿಲ್ಲ, ಕೂಗಾಟವಿಲ್ಲ. ಆದರೆ ನೋಟವು ಪಂಚಾಯಿತಿಯಾಗಿ ಮಾರ್ಪಡುವ ಕ್ಷಣ ಅದೇ. ಮೆರವಣಿಗೆಯ ತಮಟೆಯನ್ನು ಬಾರಿಸುವವರು ಬಹುಮಟ್ಟಿಗೆ ದಲಿತರ ಕೇರಿಯವರು. ಅವರ ಕೈಯ ಪೆಟ್ಟಿಗೆ ಎಲ್ಲ ಕೇರಿಯ ಕಾಲುಗಳೂ ಒಂದೇ ಲೆಕ್ಕದಲ್ಲಿ ಏಳುತ್ತವೆ, ಬೀಳುತ್ತವೆ. ಆ ಹೊತ್ತಿಗೆ ಪೈಕಿಯ ವಿಚಾರ ಯಾರ ಪಾದಕ್ಕೂ ನೆನಪಾಗುವುದಿಲ್ಲ. ತಮಟೆಯವನ ತಮ್ಮನು ಕಾಲೇಜಿಗೆ ಹೋಗುವವನು, ಚೆನ್ನಾಗಿ ಕುಣಿಯಬಲ್ಲವನು, ಸುತ್ತಿನೊಳಕ್ಕೆ ಕಾಲಿಟ್ಟು ಎದುರಿನಿಂದ ಒಂದು ನಗುವನ್ನು ಪಡೆದನೆನ್ನಿ. ಆಗ ಜಗಲಿಗೆ ಎಲ್ಲವೂ ನೆನಪಾಗುತ್ತದೆ. ಇದು ಊಹೆಯ ಭಯವಲ್ಲ. ಬೇರೆ ಜಾತಿಯ ಹುಡುಗನನ್ನು ಒಲಿದಳೆಂದು ಮನೆಯವರೇ ಮಗಳನ್ನು ಕೊಂದರೆಂಬ ಪ್ರಕರಣವೊಂದು 2010ರಲ್ಲಿ ಇದೇ ಮಂಡ್ಯ ಜಿಲ್ಲೆಯಿಂದ ನಾಡಿನಲ್ಲೆಲ್ಲ ಸುದ್ದಿಯಾಗಿತ್ತು. ಅಂಥ ಕೃತ್ಯಗಳ ಮೊದಲ ಹೆಜ್ಜೆಯನ್ನು ಹುಡುಕಿಕೊಂಡು ಹಿಂದಕ್ಕೆ ಹೋದರೆ ಕತ್ತಿಯೋ ಹಗ್ಗವೋ ಸಿಕ್ಕುವುದಿಲ್ಲ. ಯಾರೋ ಒಬ್ಬರು ಕಂಡದ್ದು, ಕಂಡದ್ದನ್ನು ಹೇಳಿದ್ದು, ಹೇಳಿದ್ದನ್ನು ಕೇಳಿ ಮನೆಯವರು ತಲೆ ತಗ್ಗಿಸಬೇಕಾದದ್ದು ಸಿಕ್ಕುತ್ತದೆ. ಇಬ್ಬರು ವಯಸ್ಕರು ಒಪ್ಪಿ ಮದುವೆಯಾಗುವುದಕ್ಕೆ ಮನೆತನದ ಅಥವಾ ಕುಲದ ಸಮ್ಮತಿ ಬೇಕಿಲ್ಲವೆಂದೂ, ಅದನ್ನು ತಡೆಯಲು ಸಭೆ ಸೇರುವುದು ಕಾನೂನಿಗೆ ವಿರುದ್ಧವೆಂದೂ ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚಿಯಲ್ಲಿ ತೀರ್ಪಿತ್ತಿತು. ಸಭೆಯನ್ನು ನ್ಯಾಯಾಲಯ ತಡೆಯಬಹುದು. ಮೂರು ಜನ ಜಗಲಿಯ ಮೇಲೆ ಕುಳಿತು ಒಂದು ಪ್ರಶ್ನೆ ಕೇಳುವುದನ್ನು ಅದು ತಡೆಯಲಾರದು. ಉತ್ತರ ಗೊತ್ತಿದ್ದೂ ‘ಯಾರೋ, ನಮ್ಮ ಹೈಕಳೇ’ ಎಂದು ಪಕ್ಕದವರು ಎಲೆಗೆ ಸುಣ್ಣ ಹಚ್ಚುತ್ತ ಮಾತು ತಿರುಗಿಸಿದರೆ ಒಂದು ಜೀವ ಉಳಿದೀತು. ಕಂಡೂ ಕಾಣದಂತಿರುವುದು ಅಲ್ಲಿಗೆ ಸಭ್ಯತೆಯ ಮಾತಾಗಿ ಉಳಿಯುವುದಿಲ್ಲ.

ಈ ಜಿಲ್ಲೆಯಲ್ಲಿಯೇ 2023ರ ಫೆಬ್ರವರಿಯಲ್ಲಿ ಇನ್ನೊಂದು ಮೆರವಣಿಗೆ ನಡೆಯಿತು. ಬೇಸಾಯ ಮಾಡುವ ತಮಗೆ ಹೆಣ್ಣು ಕೊಡುವವರಿಲ್ಲವೆಂದು, ಮಾದಪ್ಪನಾದರೂ ದಾರಿ ತೋರಲೆಂದು, ಮದುವೆಯಾಗದ ಯುವಕರು ಮದ್ದೂರು ತಾಲ್ಲೂಕಿನ ಕೆ. ಎಂ. ದೊಡ್ಡಿಯಿಂದ ಮಲೆಯ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟರು. ಪತ್ರಿಕೆಗಳಲ್ಲಿ ಇದು ನಗೆಯ ವಿಷಯವಾಯಿತು; ನಗುವಂಥದು ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಓದಿದ ಹುಡುಗಿಯರು ಊರಿನ ಕಣ್ಣಿಗಿಂತ ಪಟ್ಟಣದ ಅಪರಿಚಿತತೆಯೇ ಮೇಲೆಂದು ಹೊರಟುಹೋಗುವುದು ಆ ಕಥೆಯ ಒಂದು ಭಾಗ. ಇನ್ನೊಂದು ಭಾಗ ಅದೇ ವರ್ಷದ ಕೊನೆಯಲ್ಲಿ ಹೊರಬಿತ್ತು: ಮಂಡ್ಯದ ಸಮೀಪದ ಆಲೆಮನೆಯೊಂದರಲ್ಲಿ ಗರ್ಭದ ಕೂಸು ಗಂಡೋ ಹೆಣ್ಣೋ ಎಂದು ಯಂತ್ರವಿಟ್ಟು ನೋಡಿ ಹೇಳುತ್ತಿದ್ದ ಜಾಲವು ಪೊಲೀಸರಿಗೆ ಸಿಕ್ಕಿತು. ಬೆಟ್ಟಕ್ಕೆ ನಡೆದ ಯುವಕರಲ್ಲಿ ದಾರಿಯುದ್ದಕ್ಕೂ ಹಾಡಿ ಕುಣಿಯಬಲ್ಲವರು ಇದ್ದಿರಲೇಬೇಕು. ಅವರ ಎದುರಿಗೆ ಎರಡು ಮಾರು ಬಿಟ್ಟು ಇನ್ನೊಂದು ಸುತ್ತು ಇರಲಿಲ್ಲ.